ಚಕಮಕಿ ಕೋವಿಗೆ ಕಾಲದ ಕಳೆ: ನಾಟಕ, ಮೆರವಣಿಗೆಯ ಪ್ರತಿಕೃತಿಯನ್ನು ನಿಜದ ಹತ್ತಿರಕ್ಕೆ ತರುವ ಬಗೆ

ಕಾಸರಗೋಡು ಕಡೆ ಚರಿತ್ರೆಯ ಯಾವ ಕಥೆ ಎತ್ತಿಕೊಂಡರೂ ಅದರಲ್ಲಿ ಕೋವಿ ಬಂದೇ ಬರುತ್ತದೆ. ಬೇಕಲ ಕೋಟೆ, ಚಂದ್ರಗಿರಿ ಕೋಟೆ, 1783–84ರಲ್ಲಿ ಟಿಪ್ಪು ಮಂಗಳೂರಿಗೆ ಹಾಕಿದ ಮುತ್ತಿಗೆ, 1837ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ವಿರುದ್ಧ ರೈತರು ಎದ್ದ ಅಮರ ಸುಳ್ಯ ದಂಗೆ, ಎಲ್ಲವೂ ಮದ್ದಿನ ಕೋವಿಯ ಕಾಲದವು. ನಮ್ಮ ಹವ್ಯಾಸಿ ತಂಡಗಳು ಮುಂಡಾಸಿನ ಸುತ್ತು ಹೇಗಿರಬೇಕು, ಅಂಗಿಯ ಗುಂಡಿ ಯಾವುದಿರಬೇಕು ಎಂದು ರಾತ್ರಿಯಿಡೀ ಚರ್ಚಿಸುತ್ತವೆ. ಕೋವಿಯ ಸರದಿ ಬಂದಾಗ ಮಾತ್ರ ಎರಡರಲ್ಲೊಂದು ಆಗುತ್ತದೆ. ಅಂಗಡಿಯಿಂದ ಬಂದ ಪ್ರತಿಕೃತಿ ಕನ್ನಡಿಯಂಥ ವಾರ್ನಿಶ್ ಸಮೇತ ವೇದಿಕೆ ಏರುತ್ತದೆ. ಇಲ್ಲವೇ ಯಾರೋ ಅದಕ್ಕೆ ಉಪ್ಪುನೀರು ಸುರಿದು, ತುಕ್ಕು ಹಿಡಿಸಿ, ಸರಪಳಿಯಲ್ಲಿ ಬಡಿದು ‘ಹಳೆಯದು’ ಮಾಡುತ್ತಾರೆ.

ಇವೆರಡರಲ್ಲಿ ದೊಡ್ಡ ತಪ್ಪು ಎರಡನೆಯದು. ವಸ್ತುಸಂಗ್ರಹಾಲಯದಲ್ಲಿ ನಾವು ನೋಡುವ ಕಂದು ನಳಿಗೆ, ಬಿರಿದ ಮರ, ಮಂಕು ಹಿತ್ತಾಳೆ ಎಲ್ಲವೂ ಕೋವಿ ಕೆಲಸ ನಿಲ್ಲಿಸಿದ ಮೇಲೆ ಸೇರಿಕೊಂಡವು. 1837ರಲ್ಲಿ ಕಂಪೆನಿಯ ಸಿಪಾಯಿಯ ಕೈಯಲ್ಲಿದ್ದ ಕೋವಿ ಅಂದಿನ ಸರಕಾರಿ ಸಾಮಾನು. ತುಕ್ಕು ಕಂಡರೆ ಅವನಿಗೆ ಶಿಕ್ಷೆ. ಇಟ್ಟಿಗೆ ಹುಡಿ, ಎಣ್ಣೆ ಹಚ್ಚಿ ನಳಿಗೆಯನ್ನು ಬೆಳ್ಳಗೆ ತಿಕ್ಕುವುದು ಅವನ ದಿನಚರಿಯೇ ಆಗಿತ್ತು. ಹಾಗಾಗಿ ನಾವು ತರಬೇಕಾದದ್ದು ಬಳಕೆಯ ಗುರುತು: ಕೈ ತಾಗುವಲ್ಲಿ ನಯ, ನೆಲ ತಾಗುವಲ್ಲಿ ಗೀರು, ಬಟ್ಟೆ ಹೋಗದ ಮೂಲೆಯಲ್ಲಿ ಕಪ್ಪು. ಮುಂದಿನ ಪ್ರತಿಯೊಂದು ಹೆಜ್ಜೆಯೂ ಈ ಲೆಕ್ಕದಲ್ಲೇ ಸಾಗುತ್ತದೆ.

ಮೊದಲು ಕಾನೂನು

ಇಲ್ಲಿ ಹೇಳುವುದೆಲ್ಲ ಗುಂಡು ಹಾರಿಸಲಾಗದ ಪ್ರತಿಕೃತಿಯ ವಿಷಯ. ನಳಿಗೆ ಒಳಗಿಂದ ಮುಚ್ಚಿರಬೇಕು, ರಂಜಕದ ಬಟ್ಟಲಿನಿಂದ, ಅಂದರೆ ಕಿಡಿ ಬಿದ್ದು ಮೊದಲು ಹೊತ್ತುವ ಮದ್ದಿನ ಬಟ್ಟಲಿನಿಂದ, ನಳಿಗೆಗೆ ತೂತು ಇರಕೂಡದು. 1959ರ ಆಯುಧ ಕಾಯ್ದೆಯ ಪ್ರಕಾರ ಆಟಿಕೆ ಅಥವಾ ಪ್ರತಿಕೃತಿಯನ್ನು ಹಾರುವ ಕೋವಿಯಾಗಿ ಬದಲಿಸಲು ಪರವಾನಗಿ ಬೇಕು. ಆ ದಾರಿಗೆ ಹೋಗಲೇಬೇಡಿ. ಮನೆಯಲ್ಲಿ ಅಜ್ಜನ ಕಾಲದ, ಲೈಸನ್ಸ್ ಇರುವ ಕೇಪಿನ ಕೋವಿ (ಕಲ್ಲಿನ ಬದಲು ಸಿಡಿಮದ್ದಿನ ಸಣ್ಣ ಟೊಪ್ಪಿಯಿಂದ ಹೊತ್ತುವಂಥದು) ಇದ್ದರೆ ಅದನ್ನು ನಾಟಕಕ್ಕೆಂದು ಉಜ್ಜಿ ಕೆತ್ತಬೇಡಿ, ವೇದಿಕೆಗೂ ತರಬೇಡಿ. ಅದರ ದುರಸ್ತಿ ಏನಿದ್ದರೂ ಪರವಾನಗಿ ಇರುವವರ ಕೆಲಸ.

ಮೆರವಣಿಗೆ ಹೊರಡುವ ಮೊದಲು ಠಾಣೆಗೆ ಬರಹದಲ್ಲಿ ತಿಳಿಸಿ, ಪ್ರತಿಕೃತಿಗಳ ಫೋಟೊ ಲಗತ್ತಿಸಿ. ಚುನಾವಣೆ ಹತ್ತಿರ ಬಂದಾಗ ನಮ್ಮ ಕೃಷಿಕರ ಲೈಸನ್ಸಿನ ಕೋವಿಗಳೆಲ್ಲ ಠಾಣೆಗೆ ಹೋಗಿ ಕೂರುತ್ತವೆ. ಅಂಥ ಹೊತ್ತಿನಲ್ಲಿ ಹೆಗಲ ಮೇಲೆ ಕೋವಿಯ ಆಕಾರ ಹೊತ್ತು ರಸ್ತೆಯಲ್ಲಿ ನಡೆದರೆ ಗಾಬರಿ ಬೀಳುವವರ ತಪ್ಪೇನೂ ಇಲ್ಲ. ಬೇಕಲ ಕೋಟೆಯೊಳಗೆ ಪ್ರದರ್ಶನವೋ ಚಿತ್ರೀಕರಣವೋ ಇದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಬೇರೆಯೇ ಬೇಕು.

ಯಾವ ಕೋವಿ, ಯಾರ ಕೈಯಲ್ಲಿ?

ಉಜ್ಜುವ ಮೊದಲು ಕಥೆಯ ಕಾಲ ನಿಶ್ಚಯಿಸಿಕೊಳ್ಳಿ. ಇಲ್ಲಿ ಎಡವಿದರೆ ಮುಂದಿನ ಕೆಲಸವೆಲ್ಲ ವ್ಯರ್ಥ.

ಕಂಪೆನಿ ಸಿಪಾಯಿಯ ಕೈಗೆ ಸಲ್ಲುವುದು ‘ಬ್ರೌನ್ ಬೆಸ್’ ವಂಶದ ‘ಇಂಡಿಯಾ ಪ್ಯಾಟರ್ನ್’ ಚಕಮಕಿ ಕೋವಿ, ಅಂದರೆ ಕಲ್ಲು ಉಕ್ಕಿಗೆ ಬಡಿದ ಕಿಡಿಯಿಂದ ಹಾರುವಂಥದು. ಈಸ್ಟ್ ಇಂಡಿಯಾ ಕಂಪೆನಿ ತನ್ನ ಸೈನ್ಯಕ್ಕೆಂದು ಮಾಡಿಸಿದ ಈ ಸರಳ ಮಾದರಿಯನ್ನು 1790ರ ದಶಕದಲ್ಲಿ ಬ್ರಿಟಿಷ್ ಸೈನ್ಯವೂ ತೆಗೆದುಕೊಂಡಿತು. ನಳಿಗೆ 39 ಇಂಚು, ಅಂದರೆ 99 ಸೆಂಟಿಮೀಟರ್. ಒಟ್ಟು ಉದ್ದ ಸುಮಾರು 140 ಸೆಂಟಿಮೀಟರ್. ನಳಿಗೆಯ ಬಾಯಿ ಮುಕ್ಕಾಲು ಇಂಚು. ತೂಕ 4 ಕಿಲೊಗಿಂತ ಮೇಲೆ. ಇದರ ನಳಿಗೆ ಮರಕ್ಕೆ ಕೂತಿರುವುದು ಅಡ್ಡಡ್ಡ ಹೊಡೆದ ಸಣ್ಣ ಕಬ್ಬಿಣದ ಪಿನ್ನುಗಳಿಂದ. ಸುತ್ತ ಪಟ್ಟಿ ಇರುವುದಿಲ್ಲ. ಕಲ್ಲು ಕಚ್ಚುವ ಕುದುರೆ ಮೊದಮೊದಲು ಹಂಸದ ಕೊರಳಿನಂತೆ ಬಾಗಿತ್ತು. 1809ರ ಸುಮಾರಿಗೆ ಕೊರಳಿನ ನಡುವೆ ಉಂಗುರದಂಥ ತೂತಿರುವ ಗಟ್ಟಿ ಆಕಾರ ಬಂತು. 1783ರ ಕಥೆಗೆ ಉಂಗುರದ ಕುದುರೆ ಸಲ್ಲದು. 1837ಕ್ಕೆ ಎರಡೂ ನಡೆಯುತ್ತದೆ, ಹಳೆಯ ಕೋವಿಗಳೂ ಬಳಕೆಯಲ್ಲಿ ಉಳಿದಿದ್ದವು.

ಮೈಸೂರಿನ ಸೈನಿಕನಿಗೆ ಫ್ರೆಂಚ್ ಮಾದರಿ ಒಪ್ಪುತ್ತದೆ. ಅದರ ನಳಿಗೆಯನ್ನು ಮರಕ್ಕೆ ಹಿಡಿದಿಡುವುದು ಮೂರು ಲೋಹದ ಪಟ್ಟಿಗಳು, ಬಾಯಿಯೂ ಇಂಗ್ಲಿಷ್ ಕೋವಿಗಿಂತ ಕಿರಿದು. ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲೂ ಚಕಮಕಿ ಕೋವಿಗಳಾಗುತ್ತಿದ್ದವು. ಆದರೆ ಹುಲಿಮುಖದ ಕುದುರೆ, ಚಿನ್ನದ ಕುಸುರಿ ಇರುವವು ಅರಮನೆಯ ಕೋವಿಗಳು. ಸಾಲಿನಲ್ಲಿ ನಿಂತ ಕಾಲಾಳುವಿಗೆ ಅದನ್ನು ಕೊಡಬೇಡಿ.

ದಂಗೆಯೆದ್ದ ರೈತರ ಕೈಗೆ ಒಂದೇ ಅಚ್ಚಿನ ಕೋವಿ ಕೊಡುವುದು ನಾನು ಹೆಚ್ಚಾಗಿ ಕಾಣುವ ತಪ್ಪು. ಅವರ ಗುಂಪಿನಲ್ಲಿ ಉರಿಬತ್ತಿಯ ಹಳೆಯ ಕೋವಿ, ಕಸಿದುಕೊಂಡ ಕಂಪೆನಿ ಕೋವಿ, ಬರಿಯ ಕತ್ತಿ ಎಲ್ಲವೂ ಬೆರೆತಿರಲಿ. ಕೇಪಿನ ಕೋವಿ ಮಾತ್ರ ಬೇಡ. ಕಂಪೆನಿಯ ಸೈನ್ಯಕ್ಕೆ ಕೇಪು ಬಂದದ್ದು 1840ರ ದಶಕದಲ್ಲಿ. 1837ರ ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಧ್ವಜ ಏರಿಸುವ ದೃಶ್ಯದಲ್ಲಿ ತೋಟದ ಕೇಪಿನ ಕೋವಿ ಕಂಡರೆ ಬಲ್ಲವರ ಕಣ್ಣು ಅಲ್ಲೇ ನಿಂತುಬಿಡುತ್ತದೆ.

ವಾರ್ನಿಶ್ ಕಿತ್ತು ಮರದ ಮೈ ಇಳಿಸುವುದು

ಉತ್ತರ ಭಾರತದಿಂದ ಬರುವ ಪ್ರತಿಕೃತಿಗಳ ಮುಖ್ಯ ದೋಷ ಬಣ್ಣದಲ್ಲಿಲ್ಲ, ದಪ್ಪದಲ್ಲಿದೆ. ಮರ ಎಲ್ಲೆಲ್ಲೂ ಕೊಬ್ಬಿರುತ್ತದೆ. ನಿಜವಾದ ಕೋವಿಯಲ್ಲಿ ನಳಿಗೆಯ ಎರಡೂ ಬದಿಯ ಮರ ಬಾಯಿಯ ಕಡೆ ಹೋದಂತೆ ಕೆಲವೇ ಮಿಲಿಮೀಟರಿಗೆ ತೆಳುವಾಗುತ್ತದೆ. ಕೈ ಹಿಡಿಯುವ ಕೊರಳು ಸಪೂರ. ಲಾಕಿನ, ಅಂದರೆ ಕುದುರೆ ಮತ್ತು ಬಟ್ಟಲು ಕೂತಿರುವ ತಗಡಿನ, ಸುತ್ತ ಮರ ಚಪ್ಪಟೆಯಾಗಿ, ಅಂಚು ಚೂಪಾಗಿ ನಿಂತಿರುತ್ತದೆ. ಇದನ್ನು ಸರಿಪಡಿಸದೆ ಎಷ್ಟೇ ಬಣ್ಣ ಬಳಿದರೂ ದೂರದಿಂದಲೇ ಅದು ಒನಕೆಯಂತೆ ಕಾಣುತ್ತದೆ.

ಮೊದಲು ಲಾಕು, ನಳಿಗೆ, ಹಿತ್ತಾಳೆಯ ತುಂಡುಗಳನ್ನೆಲ್ಲ ಬಿಚ್ಚಿ. ಪಿನ್ನುಗಳನ್ನು ಯಾವ ಬದಿಯಿಂದ ಹೊಡೆದಿದ್ದಾರೆಂದು ಗುರುತು ಮಾಡಿ, ಒಂದೊಂದು ಸ್ಕ್ರೂವಿಗೂ ಚೀಟಿ ಅಂಟಿಸಿಡಿ. ವಾರ್ನಿಶ್ಶನ್ನು ಬಣ್ಣದಂಗಡಿಯ ಪೇಂಟ್ ರಿಮೂವರಿನಿಂದ ಮೆದು ಮಾಡಿ ಕೆರೆಯಬಹುದು; ಗಾಳಿಯಾಡುವ ಜಗಲಿಯಲ್ಲಿ ಕೂತು, ಕೈಗವಸು ಹಾಕಿಕೊಂಡು ಮಾಡಿ. ನನಗೆ ಹಿಡಿಸಿದ್ದು ನಮ್ಮ ಆಚಾರಿಗಳ ಹಳೆಯ ಉಪಾಯ: ಹೊಸದಾಗಿ ಒಡೆದ ಗಾಜಿನ ಚೂರಿನ ಅಂಚಿನಿಂದ ಮರದ ಎಳೆಯ ಗುಂಟ ಹೆರೆಯುವುದು. ವಾರ್ನಿಶ್ ಹೋಗುವುದರ ಜೊತೆಗೆ ಮೈಯೂ ಸಮವಾಗುತ್ತದೆ. ಬೆರಳಿಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ, ಕನ್ನಡಕ ಹಾಕಿಕೊಳ್ಳಿ.

ಮೈ ಇಳಿಸಲು ಒರಟು ಅರ, ಆಮೇಲೆ ನಯ ಅರ, ಕೊನೆಗೆ ಗಾಜು. ಸ್ಯಾಂಡ್‌ಪೇಪರ್ ಹಿಡಿದು ಎಲ್ಲವನ್ನೂ ಉರುಟು ಮಾಡಬೇಡಿ. ಲಾಕಿನ ಸುತ್ತಲಿನ ಅಂಚುಗಳಿಗೆ ಪೇಪರ್ ತಾಗಿದರೆ ಅವು ಸೋಪಿನ ಬಿಲ್ಲೆಯಂತೆ ಕರಗುತ್ತವೆ, ಮತ್ತೆ ಬರುವುದಿಲ್ಲ. ಆ ಚಪ್ಪಟೆ ಜಾಗಕ್ಕೆ ಪೇಪರನ್ನು ಮರದ ತುಂಡಿಗೆ ಸುತ್ತಿಯೇ ಬಳಸಿ. ಕೊರಳಿನ ಭಾಗದಲ್ಲಿ ತೀರಾ ಆಸೆಪಟ್ಟು ತೆಗೆಯಬೇಡಿ. ಅಲ್ಲಿ ಎಳೆ ಅಡ್ಡವಾಗಿದ್ದರೆ ಒಂದು ಸಲ ಕೈಜಾರಿ ಬಿದ್ದಾಗ ಮುರಿದುಹೋಗುತ್ತದೆ.

ಇಲ್ಲೇ ಮರದಲ್ಲಿ ಹೊಸದಾಗಿ ಮಾಡಿಸುವವರು ತೂಕದ ಬಗ್ಗೆ ಯೋಚಿಸಬೇಕು. ಒಂದೂವರೆ ಕಿಲೊದ ಮರದ ಕೋವಿಯನ್ನು ನಟ ಒಂದೇ ಕೈಯಲ್ಲಿ ಬೀಸುತ್ತಾನೆ, ಪೊರಕೆ ಹಿಡಿದವನಂತೆ ನಿಲ್ಲುತ್ತಾನೆ. ಬುಡದೊಳಗೆ, ನಳಿಗೆಯ ಕೆಳಗಿನ ಕಾಲುವೆಯೊಳಗೆ ಕಬ್ಬಿಣದ ಸರಳು ಹುದುಗಿಸಿ ಭಾರ 4 ಕಿಲೊದ ಹತ್ತಿರಕ್ಕೆ ತನ್ನಿ. ಹೆಗಲು ತಾನಾಗಿ ಬಾಗುತ್ತದೆ, ಹೆಜ್ಜೆ ಬದಲಾಗುತ್ತದೆ, ಕೋವಿ ಇಳಿಸುವಾಗ ಎರಡೂ ಕೈ ಬರುತ್ತವೆ. ಯಾವ ನಿರ್ದೇಶಕನ ಮಾತಿಗಿಂತಲೂ ಹೆಚ್ಚು ಕೆಲಸವನ್ನು ಈ ಭಾರ ಮಾಡುತ್ತದೆ. ಮರಕ್ಕೆ ಹೆಬ್ಬಲಸು, ಮಹಾಗನಿ ಚೆನ್ನ. ಹಲಸು ಕೆತ್ತಲು ಸುಲಭವಾದರೂ ಅದರ ಹಳದಿಯನ್ನು ಅಡಗಿಸುವುದು ಕಷ್ಟ. ನಳಿಗೆಗೆ ಪೈಪು ಬೇಡ, ಗಟ್ಟಿ ಮರದ ಉರುಟು ಸಾಕು. ಬಾಯಿಯಲ್ಲಿ ಮಾತ್ರ ಎರಡು ಬೆರಳಿನಷ್ಟು ಆಳ ಕೊರೆದು ಒಳಗೆ ಹೊಳಪಿಲ್ಲದ ಕಪ್ಪು ಬಳಿಯಿರಿ. ಬಾಯಿಯ ಅಂಚು ತೆಳ್ಳಗಿರಲಿ.

ಬಣ್ಣ ಮತ್ತು ಎಣ್ಣೆ

ಇಂಗ್ಲಿಷ್ ಕೋವಿಯ ಮರ ವಾಲ್ನಟ್. ಬೆಚ್ಚಗಿನ ಕಂದು, ನಡುನಡುವೆ ಕಪ್ಪು ಗೆರೆ. ನಮ್ಮ ತೇಗ, ಮಹಾಗನಿಯನ್ನು ಆ ಬಣ್ಣದ ಹತ್ತಿರಕ್ಕೆ ತರಬಹುದು.

ಮರವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಎಳೆಗಳು ಕೂದಲಿನಂತೆ ಎದ್ದು ನಿಲ್ಲುತ್ತವೆ. ಅವನ್ನು ಗಾಜಿನಿಂದ ಮೆಲ್ಲಗೆ ಹೆರೆದು ಇನ್ನೊಮ್ಮೆ ಒರೆಸಿ. ಬಳಿಕ ಹಾಲು ಹಾಕದ ದಟ್ಟ ಚಹಾ ಡಿಕಾಕ್ಷನ್ ಎರಡು ಮೂರು ಸಲ ಹಚ್ಚಿ ಒಣಗಲು ಬಿಡಿ. ಅಡಿಕೆ ಬೇಯಿಸಿದ ನೀರಾದ ಚೊಗರು ಸಿಕ್ಕಿದರೆ ಇನ್ನೂ ಒಳ್ಳೆಯದು, ಅದರ ಕೆಂಪುಗಂದು ಚಹಾಕ್ಕೆ ಬರುವುದಿಲ್ಲ. ನಮ್ಮಲ್ಲಿ ಅಡಿಕೆಯನ್ನು ಬೇಯಿಸದೆ ಒಣಗಿಸಿ ಚಾಲಿ ಮಾಡುವವರೇ ಹೆಚ್ಚಾದ್ದರಿಂದ ಸಾಗರ, ಶಿರಸಿ ಕಡೆಯ ನೆಂಟರನ್ನು ಕೇಳಬೇಕಾದೀತು. ಇನ್ನೊಂದು ಬಾಟಲಿಯಲ್ಲಿ ವಿನೆಗರಿಗೆ ಸ್ಟೀಲ್ ವುಲ್ ಹಾಕಿ, ಮುಚ್ಚಳ ಸಡಿಲ ಬಿಟ್ಟು ಕೆಲವು ದಿನ ಇಡಿ. ಚಹಾದ, ಚೊಗರಿನ ಒಗರು ಈ ಕಬ್ಬಿಣದ ನೀರಿಗೆ ಸೇರಿದಾಗ ಮರದೊಳಗೇ ಕಪ್ಪು ಹುಟ್ಟುತ್ತದೆ. ಅಳಲೆಕಾಯಿಯಿಂದ ಕಪ್ಪು ಶಾಯಿ ಮಾಡುತ್ತಿದ್ದ ವಿದ್ಯೆಯೇ ಇದು. ಬಲು ತೆಳ್ಳಗೆ ಮಾಡಿಕೊಳ್ಳಿ: ಒಂದು ಪಾಲಿಗೆ ಹತ್ತು ಪಾಲು ನೀರಿನಿಂದ ಶುರು ಮಾಡಿ, ಅದೇ ಮರದ ಚೂರಿನ ಮೇಲೆ ಮೊದಲು ನೋಡಿ. ಹೆಚ್ಚಾದರೆ ಮರ ಬೂದು ಬಣ್ಣಕ್ಕೆ ತಿರುಗಿ ಸತ್ತಂತೆ ಕಾಣುತ್ತದೆ.

ಮೇಲಿಂದ ಕುದಿಸಿದ ಅಗಸೆ ಎಣ್ಣೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಲಿನ್‌ಸೀಡ್ ಆಯಿಲ್ ಎಂದೇ ಕೇಳಿ. ಅಂಗೈಯಲ್ಲಿ ತಿಕ್ಕಿ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು ಮೇಲೆ ಉಳಿದದ್ದನ್ನು ಪೂರ್ತಿ ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಮತ್ತೊಂದು ಕೈ. ನಾಲ್ಕೈದು ತೆಳು ಕೈ ಸಾಕು. ಒಂದೇ ಸಲ ದಪ್ಪಗೆ ಬಳಿದರೆ ಜಿಗುಟಾಗಿ ಧೂಳು ಹಿಡಿಯುತ್ತದೆ. ತೆಂಗಿನೆಣ್ಣೆ ಮನೆಯಲ್ಲೇ ಇದೆಯಲ್ಲ ಎಂದು ಅದನ್ನು ಹಚ್ಚಬೇಡಿ. ಅದು ಒಣಗಿ ಪದರವಾಗುವ ಎಣ್ಣೆಯಲ್ಲ, ಮರದಲ್ಲೇ ಉಳಿದು ಕಮಟುತ್ತದೆ. ಗೇರುಬೀಜದ ಸಿಪ್ಪೆಯ ಎಣ್ಣೆಯೂ ಬೇಡ, ಅದು ಚರ್ಮ ಸುಡುತ್ತದೆ.

ಒಂದು ಎಚ್ಚರಿಕೆಯನ್ನು ದಯವಿಟ್ಟು ಹಗುರಾಗಿ ತೆಗೆದುಕೊಳ್ಳಬೇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ಒಣಗುತ್ತ ಬಿಸಿಯಾಗಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಡಿ, ಇಲ್ಲವೇ ಅಂಗಳದಲ್ಲಿ ಒಂದೊಂದಾಗಿ ಹರವಿ ಪೂರ್ತಿ ಒಣಗಿಸಿ.

ಈ ಕೆಲಸ ದೀಪಾವಳಿ ಕಳೆದ ಮೇಲೆ ಮಾಡುವುದೇ ಸರಿ. ಆಟಿ ತಿಂಗಳ ಮಳೆಯಲ್ಲಿ ಹಚ್ಚಿದ ಎಣ್ಣೆ ಬೇಗ ಒಣಗುವುದಿಲ್ಲ, ಅಷ್ಟರಲ್ಲಿ ಮೇಲೆ ಬೂಷ್ಟು ಬಂದಿರುತ್ತದೆ.

ಕಬ್ಬಿಣ

ಅಂಗಡಿಯ ಪ್ರತಿಕೃತಿಯ ನಳಿಗೆ ಯಂತ್ರದ ಪಾಲಿಶ್‌ನಿಂದ ಸ್ಟೀಲ್ ತಟ್ಟೆಯಂತೆ ಮಿನುಗುತ್ತದೆ. ಮೇಲೆ ಲ್ಯಾಕರ್ ಇದ್ದರೆ ಥಿನ್ನರಿನಿಂದ ತೆಗೆಯಿರಿ. ಆಮೇಲೆ 220, 320, 400 ನಂಬರಿನ ಎಮರಿ ಪೇಪರನ್ನು ಒಂದಾದ ಮೇಲೊಂದರಂತೆ, ಎಣ್ಣೆ ಹಚ್ಚಿ, ನಳಿಗೆಯ ಉದ್ದಕ್ಕೇ ಎಳೆಯಿರಿ. ಅಡ್ಡ ಉಜ್ಜಬಾರದು, ಸುತ್ತುಗೆರೆ ಕಂಡರೆ ಲೇಥ್ ಯಂತ್ರದ ನೆನಪಾಗುತ್ತದೆ. ಕೊನೆಯಲ್ಲಿ ಜರಡಿ ಹಿಡಿದ ಇಟ್ಟಿಗೆ ಹುಡಿಯನ್ನು ಎಣ್ಣೆಯಲ್ಲಿ ಕಲಸಿ ಚರ್ಮದ ತುಂಡಿನಿಂದ ತಿಕ್ಕಿ. ಸಿಪಾಯಿ ಮಾಡುತ್ತಿದ್ದುದನ್ನೇ ಮಾಡಿದಾಗ ಸಿಪಾಯಿಯ ಕೋವಿಗಿದ್ದ ಹೊಳಪೇ ಬರುತ್ತದೆ: ಮೃದುವಾದ ಬೆಳ್ಳಿಬೂದಿ, ಮುಖ ಕಾಣಿಸದಷ್ಟು.

ಕಪ್ಪು ಎಲ್ಲಿ ಉಳಿಯಬೇಕು? ಕುದುರೆಯ ಬುಡದ ಸಂದು, ರಂಜಕದ ಬಟ್ಟಲಿನ ಒಳಗು ಮತ್ತು ಅದರ ಹಿಂದಿನ ನಳಿಗೆಯ ಬದಿ, ಸ್ಕ್ರೂವಿನ ಕಾಲುವೆ, ನಳಿಗೆ ಮರಕ್ಕೆ ಸೇರುವ ಗೆರೆ. ಇಲ್ಲಿ ಮಾತ್ರ ಹತ್ತಿಯ ಕಡ್ಡಿಯಿಂದ ವಿನೆಗರ್ ಮುಟ್ಟಿಸಿ ಕಪ್ಪಾಗಲು ಬಿಡಿ, ಅಡುಗೆ ಸೋಡಾ ಕರಗಿಸಿದ ನೀರಿನಿಂದ ತೊಳೆದು ಒರೆಸಿ, ಮತ್ತೆ ಇಟ್ಟಿಗೆ ಹುಡಿಯಿಂದ ಮೇಲ್ಮೈಯನ್ನಷ್ಟೇ ಬೆಳ್ಳಗೆ ಮಾಡಿ. ಮೂಲೆಯ ಕಪ್ಪು ಉಳಿದುಕೊಳ್ಳುತ್ತದೆ. ಸೋಡಾ ನೀರಿನ ತೊಳೆತ ತಪ್ಪಿಸಿದರೆ ನಮ್ಮ ಕಡಲಗಾಳಿಗೆ ವಾರದೊಳಗೆ ನಿಜವಾದ ತುಕ್ಕೇ ಏಳುತ್ತದೆ.

ಕಿಡಿ ಹಾರಿಸುವ ಉಕ್ಕಿನ ತಟ್ಟೆಯನ್ನು ಹೆಚ್ಚಿನವರು ಮರೆಯುತ್ತಾರೆ. ಕಲ್ಲು ಪ್ರತಿ ಸಲವೂ ಅದರ ಮುಖವನ್ನು ಮೇಲಿಂದ ಕೆಳಕ್ಕೆ ಕೆರೆಯುತ್ತದೆ. ಹಾಗಾಗಿ ಆ ಮುಖದ ಮೇಲೆ ಅರದ ಮೂಲೆಯಿಂದ ಕೆಲವು ಲಂಬ ಗೀರುಗಳು ಬೇಕು, ನಡುವೆ ಹೆಚ್ಚು, ಅಂಚಿಗೆ ಕಡಿಮೆ. ಕುದುರೆಯ ಬಾಯಿಗೆ ನಿಜವಾದ ಚಕಮಕಿ ಕಲ್ಲು ಸಿಕ್ಕಿಸಬೇಡಿ. ಅದರ ಅಂಚು ಬ್ಲೇಡಿನಷ್ಟು ಹರಿತ, ಮಕ್ಕಳಿರುವ ಮೆರವಣಿಗೆಗೆ ಅಪಾಯ. ಮರದ ಚೂರಿಗೆ ಬೂದುಕಪ್ಪು ಬಳಿದು ಚರ್ಮದ ಮಡಿಕೆಯೊಳಗೆ ಕೂರಿಸಿದರೆ ಮೂರು ಅಡಿ ದೂರದಿಂದ ವ್ಯತ್ಯಾಸ ತಿಳಿಯುವುದಿಲ್ಲ.

ನಕ್ಷತ್ರದ ಗುರುತಿನ ಸ್ಕ್ರೂ ಒಂದೇ ಒಂದು ಇದ್ದರೂ ಮೋಸ ಬಯಲು. ಎಲ್ಲವೂ ಒಂದೇ ಸೀಳಿನವು ಆಗಲಿ, ಸೀಳು ಸಪೂರವಿರಲಿ, ತಲೆ ಸ್ವಲ್ಪ ಉಬ್ಬಿರಲಿ.

ಹಿತ್ತಾಳೆ

ಬುಡದ ತಗಡು, ಬೆರಳಿನಿಂದ ಎಳೆಯುವ ಬಿಲ್ಲಿನ ಕಾಪು, ಮದ್ದು ಗಿಡಿಯುವ ಗಜ ತೂರಿಸುವ ಕೊಳವೆಗಳು ಹಿತ್ತಾಳೆಯವು. ಲ್ಯಾಕರ್ ತೆಗೆದು ಹುಣಸೆಹುಳಿಯಿಂದ ತಿಕ್ಕಿ, ಬೇಗ ತೊಳೆಯಿರಿ. ಹುಳಿ ತುಂಬ ಹೊತ್ತು ಕೂತರೆ ಮೇಲ್ಮೈ ತಾಮ್ರದಂತೆ ಕೆಂಪಾಗುತ್ತದೆ. ಆಮೇಲೆ ತಾಲೀಮಿನಲ್ಲಿ ಎಲ್ಲರ ಕೈಯಲ್ಲೂ ಓಡಾಡಲಿ. ಉಬ್ಬಿದಲ್ಲಿ ಮಿನುಗು, ತಗ್ಗಿನಲ್ಲಿ ಮಂಕು ತಾನಾಗಿ ಬರುತ್ತದೆ, ಬೇರೆ ರಾಸಾಯನಿಕ ಬೇಡ. ತುಂಡುಗಳನ್ನು ಎರಕ ಹೊಯ್ಯಿಸಬೇಕಾದರೆ ಪಯ್ಯನ್ನೂರಿನ ಹತ್ತಿರದ ಕುಂಞಿಮಂಗಲ ಎರಕದ ಕೆಲಸಕ್ಕೆ ಹೆಸರಾದ ಊರು.

ಗುರುತು, ಗೀರು

ಕಂಪೆನಿಯ ಲಾಕಿನ ಮೇಲೆ ಮೊದಲು ಹೃದಯದಾಕಾರದೊಳಗೆ ಕಂಪೆನಿಯ ಅಕ್ಷರಗಳಿದ್ದವು. ಸುಮಾರು 1808ರಿಂದ ಹಿಂಗಾಲಲ್ಲಿ ನಿಂತ, ಕಿರೀಟ ಹಿಡಿದ ಸಿಂಹ ಬಂತು. ಕೆತ್ತನೆಗೆ ಪಳಗಿದ ಕೈ ಸಿಗದಿದ್ದರೆ ಲಾಕನ್ನು ಖಾಲಿ ಬಿಡಿ. ಸೋತ ಸಿಂಹಕ್ಕಿಂತ ಖಾಲಿ ತಗಡು ಎಷ್ಟೋ ಮೇಲು. ಯಾವುದೋ ಪಲ್ಟನ್ನಿನ ನಂಬರನ್ನು ಊಹೆಯಿಂದ ಹಾಕುವುದೂ ಬೇಡ.

ತಯಾರಕರ ಇಂದಿನ ಮುದ್ರೆ ಕಣ್ಣಿಗೆ ಬೀಳುವಲ್ಲಿದ್ದರೆ ಅದನ್ನು ಅಳಿಸದೆ, ಪ್ರದರ್ಶನದ ಹೊತ್ತಿಗೆ ಮೇಣ ತುಂಬಿ ಮರೆಮಾಡಿ. ಮರದ ಒಳಗೆ, ನಳಿಗೆ ಕೂರುವ ಕಾಲುವೆಯಲ್ಲಿ ‘ಪ್ರತಿಕೃತಿ’ ಎಂದೂ ಮಾಡಿದ ವರ್ಷವನ್ನೂ ಕೊರೆದುಬಿಡಿ. ಕೆಲಸ ಚೆನ್ನಾದಷ್ಟೂ ನಾಳೆ ಯಾರಾದರೂ ಇದನ್ನು ಪುರಾತನ ವಸ್ತುವೆಂದು ಮಾರುವ ಸಾಧ್ಯತೆ ಹೆಚ್ಚು. ನಮ್ಮ ಚರಿತ್ರೆಯ ಮೇಲೆ ಪ್ರೀತಿಯಿಂದ ಮಾಡಿದ ವಸ್ತು ಅದೇ ಚರಿತ್ರೆಗೆ ಸುಳ್ಳು ಸಾಕ್ಷಿಯಾಗಬಾರದು.

ಗೀರುಗಳನ್ನು ಮಾಡುವಾಗ ಕವಾಯತು ನೆನಪಿರಲಿ. ಸಿಪಾಯಿ ಕೋವಿಯ ಬುಡವನ್ನು ಎಡ ಅಂಗೈಯಲ್ಲಿ ಹಿಡಿದು ಎಡ ಹೆಗಲಿಗೆ ಒರಗಿಸುತ್ತಿದ್ದ, ನಿಲ್ಲುವಾಗ ಬುಡವನ್ನು ನೆಲಕ್ಕೆ ಊರುತ್ತಿದ್ದ. ಆದ್ದರಿಂದ ಬುಡದ ತಗಡಿನ ಅಡಿ ಒರಟಾಗಿ ಸವೆದಿರಬೇಕು. ಮುರಕಲ್ಲಿನ ಅಂಗಳದಲ್ಲಿ ಒಂದು ವಾರ ಕವಾಯತು ಮಾಡಿಸಿದರೆ ಸಾಕು. ನಳಿಗೆಯ ತುದಿಯಲ್ಲಿ ಬಯೊನೆಟ್ಟಿನ (ಕೋವಿಯ ತುದಿಗೆ ಸಿಕ್ಕಿಸುವ ಅಲಗಿನ) ಕೊಳವೆ ಕೂರುವಷ್ಟು ಉದ್ದಕ್ಕೆ ಸಣ್ಣ ಉಜ್ಜುಗುರುತು, ಬಾಯಿಯ ಒಳ ಅಂಚಿನಲ್ಲಿ ಮದ್ದು ಗಿಡಿಯುವ ಗಜ ತಾಗಿದ ಗೀರು. ಕೊರಳಿನಲ್ಲಿ ಮತ್ತು ಲಾಕಿನ ಮುಂದೆ ಎಡಗೈ ಹಿಡಿಯುವಲ್ಲಿ ಮರ ಉಳಿದ ಕಡೆಗಿಂತ ನುಣುಪಾಗಿ, ತುಸು ಗಾಢವಾಗಿರಲಿ. ಜಖಮು ಮಾಡುವುದಾದರೆ ಬುಡದಲ್ಲಿ ಎರಡೋ ಮೂರೋ, ಬೇರೆಬೇರೆ ಗಾತ್ರದವು, ಎಣ್ಣೆ ಹಚ್ಚುವ ಮೊದಲೇ. ಆಮೇಲೆ ಹಚ್ಚಿದ ಎಣ್ಣೆ ಅದರೊಳಗೆ ಇಳಿದು ಗಾಯ ಹಳತಾಗುತ್ತದೆ.

ಪಟ್ಟಿ ಮತ್ತು ಬಿರಡೆ

ಹೆಗಲಪಟ್ಟಿಗೆ ದಪ್ಪ ಚರ್ಮ, ಅದಕ್ಕೆ ಬಿಳಿ ಜೇಡಿಯ ಲೇಪ. ಕಣ್ಣೂರು ಜಿಲ್ಲೆಯ ಮಾಡಾಯಿಪ್ಪಾರೆಯ ಕಡೆ ಸಿಗುವಂಥ ಚೈನಾ ಕ್ಲೇ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಪ್ಲಾಸ್ಟಿಕ್ ಬಕಲ್ಲು, ನೈಲಾನ್ ನೂಲು ಬೇಡ. ಬಯೊನೆಟ್ಟನ್ನು ಜನಸಂದಣಿಯಲ್ಲಿ ಒರೆಯಿಂದ ಹೊರಗೆ ತೆಗೆಯಕೂಡದು. ಸಿಕ್ಕಿಸಿಯೇ ತೋರಿಸಬೇಕೆಂದಿದ್ದರೆ ರಬ್ಬರಿನದು ಮಾಡಿಸಿ. ನಳಿಗೆಯ ಬಾಯಿಗೆ ಮರದ ಬಿರಡೆ ಹಾಕುವುದು ಆ ಕಾಲದಲ್ಲೂ ಇತ್ತು, ಮಳೆನೀರು ಒಳಗಿಳಿಯದಿರಲೆಂದು. ಇಂದು ಅದು ಪೊಲೀಸರಿಗೂ ಪ್ರೇಕ್ಷಕರಿಗೂ ಇದು ಹಾರುವ ಕೋವಿಯಲ್ಲವೆಂದು ತಿಳಿಸುತ್ತದೆ.

ಎಲ್ಲ ಜೋಡಿಸಿದ ಮೇಲೆ ಒಮ್ಮೆ ಬೆಳಗಿನ ಬಿಸಿಲಿನಲ್ಲಿ, ಒಮ್ಮೆ ವೇದಿಕೆಯ ಹಳದಿ ದೀಪದಡಿ ನೋಡಿ. ಹಳದಿ ಬೆಳಕಿನಲ್ಲಿ ಮರ ಕೆಂಪೇರಿ ಕಾಣುತ್ತದೆ. ತೀರಾ ಹೆಚ್ಚೆನಿಸಿದರೆ ಕಬ್ಬಿಣದ ನೀರನ್ನು ಒಂದೇ ಒಂದು ತೆಳು ಕೈ ಕೊಡಬಹುದು, ಆದರೆ ಎಣ್ಣೆಗೆ ಮೊದಲು. ಅದಕ್ಕೇ ಈ ನೋಟವನ್ನು ಬಣ್ಣದ ಹಂತದಲ್ಲೂ ಒಮ್ಮೆ ಮುಗಿಸಿಕೊಳ್ಳಬೇಕು.

ಬೇಸಿಗೆಯ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನದ ಆಟಗಳೆಲ್ಲ ನಿಂತ ಮೇಲೆ ಲೋಹಕ್ಕೆ ಮೆಷಿನ್ ಆಯಿಲ್ ಹಚ್ಚಿ, ಹತ್ತಿಬಟ್ಟೆಯಲ್ಲಿ ಸುತ್ತಿ ಅಟ್ಟದಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತೇವ ಒಳಗೇ ಉಳಿಯುತ್ತದೆ. ಚರ್ಮದ ಪಟ್ಟಿಯನ್ನು ಬಿಚ್ಚಿ ಬೇರೆಯೇ ತೂಗುಹಾಕಿ, ಬಿರಡೆ ತೆಗೆದಿಡಿ, ಮಳೆಗಾಲದ ನಡುವೆ ಬಿಸಿಲು ಬಂದ ದಿನ ಒಮ್ಮೆ ಹೊರಗೆ ತೆಗೆದು ಒರೆಸಿ.